ಒಂದು ಗೇಣು, ಎರಡು ಬೆರಳು

ನನ್ನ ಹಳೆಯ ಲೆವೆಲ್ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆಯ ಕಲೆಯೊಂದಿದೆ. ಲೆವೆಲ್ ಪುಸ್ತಕವೆಂದರೆ ದೊಡ್ಡ ವಿಷಯವೇನಲ್ಲ. ರಸ್ತೆ, ಸೇತುವೆ ಕಟ್ಟುವವರು ನೆಲದ ಏರುತಗ್ಗುಗಳನ್ನು ಅಳೆದು ಆಗಿಂದಾಗಲೇ ಪೆನ್ಸಿಲಿನಲ್ಲಿ ಬರೆದಿಡುವ, ರಟ್ಟಿನ ಹೊದಿಕೆಯ ಒಂದು ಕಿರಿದಾದ ಪುಸ್ತಕ. ಅದರಲ್ಲಿ ಅಂಕಿಗಳಲ್ಲದೆ ಬೇರೇನೂ ಇರಬಾರದೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಉಪ್ಪಿನಕಾಯಿಯನ್ನು ಹೆಸರಿಟ್ಟು ಹೇಳಿರಲಿಲ್ಲ, ಅಷ್ಟೆ. ಆ ದಿನ ಅಮ್ಮ ಚಿತ್ರಾನ್ನದ ಡಬ್ಬಿಯ ಮುಚ್ಚಳದಲ್ಲಿ ಅದನ್ನು ಧಾರಾಳವಾಗಿಯೇ ಇಟ್ಟಿದ್ದಳು. ನಾನು ಬಂಡೆಯ ನೆರಳಿನಲ್ಲಿ ಕುಳಿತು ಉಣ್ಣುತ್ತ, ಕೈ ತೊಳೆಯುವಷ್ಟು ನೀರು ಹತ್ತಿರದಲ್ಲೆಲ್ಲೂ ಇಲ್ಲದ ಕಾರಣ ಬೆರಳನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಅಲ್ಲಿಯವರೆಗೆ ತಲೆಯಲ್ಲಿ ಹೊತ್ತು ತಂದಿದ್ದ ಒಂದು ಅಳತೆಯನ್ನು ಪುಟಕ್ಕೆ ಇಳಿಸಿದೆ. ಕಲೆ ನೋಡಿದ ತಕ್ಷಣ ಕಣ್ಣಿಗೆ ಬೀಳುತ್ತದೆ. ಅದರ ಪಕ್ಕದಲ್ಲೇ ಇರುವ ತಪ್ಪು ಬೀಳುವುದಿಲ್ಲ. ನನಗೆ ಅದು ಕಾಣಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅದರ ಮೇಲೆ ಒಂದು ಸೇತುವೆಯ ಮುಕ್ಕಾಲು ಭಾಗ ಎದ್ದು ನಿಂತಿತ್ತು.

ನಾನು ಕೊರಟಗೆರೆಯವಳು. ಸಿವಿಲ್ ಓದಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ, ಒಬ್ಬ ಗುತ್ತಿಗೆದಾರರ ಕೈಕೆಳಗೆ ಸೈಟ್ ಇಂಜಿನಿಯರ್ ಆಗಿ, ಐ.ಡಿ.ಹಳ್ಳಿಯಿಂದ ತುಸು ಆಚೆಗೆ, ಒಂದು ಹಳ್ಳಕ್ಕೆ ಸೇತುವೆ ಕಟ್ಟಿಸುವುದು. ಬೆಳಗಿನ ಮೊದಲ ಬಸ್ಸಿಗೆ ಮಧುಗಿರಿ, ಅಲ್ಲಿಂದ ಐ.ಡಿ.ಹಳ್ಳಿಯ ಬಸ್ಸು, ಕೊನೆಗೆ ಸಿಮೆಂಟಿನ ಗಾಡಿಯೋ ಹಾಲಿನ ಗಾಡಿಯೋ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ನಡಿಗೆ. ಹಳ್ಳವೆಂದಾಕ್ಷಣ ನೀವು ನೀರನ್ನು ಕಲ್ಪಿಸಿಕೊಳ್ಳಬೇಡಿ. ಅದು ಎರಡು ದಂಡೆಗಳ ನಡುವೆ ಮಲಗಿದ್ದ ಮರಳು. ದಂಡೆಯಲ್ಲಿ ಜಾಲಿ, ಒಂದೆರಡು ಹೊಂಗೆ, ಎಡಕ್ಕೆ ಆನೆ ಗಾತ್ರದ ಒಂದು ಬಂಡೆ. ಊರಿನವರು ದಿನವೂ ಆ ಮರಳಿನ ಮೇಲೆ ಬೈಕು ಓಡಿಸಿಕೊಂಡು ಹೋಗುತ್ತ, ನಾವು ಅಲ್ಲಿ ಕಂಬ ಎಬ್ಬಿಸುವುದನ್ನು ಸಹಾನುಭೂತಿಯಿಂದ ನೋಡುತ್ತಿದ್ದರು. ಅಗತ್ಯವಿಲ್ಲದ ಕೆಲಸವನ್ನು ಶ್ರದ್ಧೆಯಿಂದ ಮಾಡುವವರ ಬಗ್ಗೆ ಜನರಿಗೆ ಒಂದು ಬಗೆಯ ಕನಿಕರವಿರುತ್ತದೆ.

ಮೊದಲ ಮೂರು ತಿಂಗಳು ಅಲ್ಲಿ ನನ್ನನ್ನು ಎಲ್ಲರೂ 'ಸಾರ್' ಎಂದು ಕರೆದರು. ಅವಮಾನಕ್ಕಲ್ಲ. ಸೈಟಿನಲ್ಲಿ ಇಂಜಿನಿಯರನ್ನು ಕರೆಯಲು ಅವರ ಬಳಿ ಇದ್ದದ್ದು ಅದೊಂದೇ ಮಾತು. ಹೊಸ ಮಾತು ಹುಡುಕುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ನಾಲ್ಕನೆಯ ತಿಂಗಳು ಮೇಸ್ತ್ರಿ ಅಂಜಿನಪ್ಪ ಒಂದು ದಿನ ಏನನ್ನೋ ಯೋಚಿಸಿದವನಂತೆ ನಿಂತು, "ಮೇಡಂ," ಎಂದ. ಅಂದಿನಿಂದ ನಾನು ಮೇಡಂ ಆದೆ. ಬಡ್ತಿಯೋ ಹಿಂಬಡ್ತಿಯೋ ತಿಳಿಯಲಿಲ್ಲ.

ಈ ಅಂಜಿನಪ್ಪ ಪಾವಗಡದ ಕಡೆಯವನು, ಐವತ್ತು ದಾಟಿದವನು. ಅವನದು ಹನ್ನೊಂದು ಜನರ ತಂಡ. ಕಂಬಿ ಕಟ್ಟುವುದು, ಕಾಂಕ್ರೀಟಿಗೆ ಅಚ್ಚಾಗಿ ಹಲಗೆ ಹೊಡೆಯುವುದು, ಕಾಂಕ್ರೀಟು ಸುರಿಯುವುದು ಎಲ್ಲ ಅವರೇ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಲೆಕ್ಕ ಮಾತ್ರ ಪೂರ್ತಿ ತೆಲುಗು. ಅವನ ಬಳಿ ಒಂದು ರಸಮಟ್ಟವಿತ್ತು. ಮರದ ಪಟ್ಟಿಯೊಳಗೆ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಡುಗೆರೆಯಲ್ಲಿ ನಿಂತರೆ ಕೆಳಗಿನ ಕೆಲಸ ಸಮವಾಗಿದೆಯೆಂದು ಅರ್ಥ. ಅದನ್ನು ಅವನು ಹತ್ತಿಯ ಟವೆಲಿನಲ್ಲಿ ಸುತ್ತಿ, ತನ್ನ ಊಟದ ಬುತ್ತಿಗಿಂತ ಒಂದು ಗೂಟ ಮೇಲಕ್ಕೆ ನೇತು ಹಾಕುತ್ತಿದ್ದ. ನಾನು ಹೇಳಿದ ಎತ್ತರವನ್ನು ಅವನು ಕೂದಲೆಳೆಯಷ್ಟೂ ಆಚೀಚೆ ಮಾಡುತ್ತಿರಲಿಲ್ಲ. ಇದನ್ನು ನೀವು ನೆನಪಿಡಬೇಕು, ಏಕೆಂದರೆ ಮುಂದೆ ಒಬ್ಬರು ಅದನ್ನು ಮರೆಯುವಂತೆ ನನಗೆ ಸಲಹೆ ಕೊಡಲಿದ್ದಾರೆ.

ಕೆಲಸ ಸರಾಗವಾಗಿ ನಡೆಯಿತು. ಎರಡು ದಂಡೆಗಳಲ್ಲಿ ಎರಡು ಗೋಡೆ, ನಡುವೆ ಒಂದು ಕಂಬದ ಸಾಲು, ಅವುಗಳ ನೆತ್ತಿಯ ಮೇಲೆ ಸ್ಲ್ಯಾಬು ಕೂರಲು ದಪ್ಪನೆಯ ಕಾಂಕ್ರೀಟ್ ದಿಂಡು. ಯುಗಾದಿಗೆ ಇನ್ನೂ ಎರಡು ವಾರವಿದೆ ಎನ್ನುವಾಗ ಸ್ಲ್ಯಾಬಿನ ಹಲಗೆಯೆಲ್ಲ ಕೂತು, ಅದರ ಮೇಲೆ ಕಂಬಿಯ ಜಾಲ ಹರಡಿ ಮುಗಿದಿತ್ತು. ಆ ಜಾಲ ಕಟ್ಟಲು ಹನ್ನೊಂದು ಜನಕ್ಕೆ ಒಂಬತ್ತು ದಿನ ಹಿಡಿದಿತ್ತು. ಬಿಸಿಲಿಗೆ ಕಾದ ಕಂಬಿಯ ಮೇಲೆ ಕೂರಲಾಗದೆ ಕುಕ್ಕರುಗಾಲಿನಲ್ಲೇ ಒಂದೊಂದು ಗಂಟನ್ನೂ ತಂತಿಯಿಂದ ಬಿಗಿದಿದ್ದರು. ಬುಧವಾರ ಕಾಂಕ್ರೀಟು ಸುರಿದುಬಿಟ್ಟರೆ ತಂಡ ಹಬ್ಬಕ್ಕೆ ಊರಿಗೆ ಹೋಗಬಹುದಿತ್ತು. ಅಂಜಿನಪ್ಪನ ಮಗಳು ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಹಬ್ಬದ ವಾರದಲ್ಲೇ ಸೀಮಂತ.

ಆ ಬುಧವಾರಕ್ಕೆ ಮೊದಲಿನ ಭಾನುವಾರ ತಂಡವೆಲ್ಲ ಸಂತೆಗೆ ಹೋಗಿತ್ತು. ರಜೆಯಿದ್ದರೂ ನಾನು ಸೈಟಿಗೆ ಹೋದೆ. ಮದುವೆಗೆ ಮೂರು ದಿನ ಮೊದಲು ಹೆಣ್ಣಿನ ತಂದೆ ಛತ್ರಕ್ಕೆ ಸುಮ್ಮನೆ ಹೋಗಿ ಬಾಗಿಲು ತಳ್ಳಿ ನೋಡಿ ಬರುತ್ತಾರಲ್ಲ, ಹಾಗೆ. ಅಲ್ಲಿ ಕರಿಯಮ್ಮ ಇದ್ದಳು. ಕುರಿ ಕಾಯುವ ಮನೆತನದ ಹೆಂಗಸು, ಎಪ್ಪತ್ತರ ಹತ್ತಿರದವಳು. ನಮ್ಮ ಸ್ಲ್ಯಾಬಿನ ಹಲಗೆಯ ಕೆಳಗಿನ ನೆರಳು ಅವಳ ಕುರಿಗಳಿಗೆ ಬಹಳ ಹಿಡಿಸಿತ್ತು. ಸೇತುವೆಯ ಮೊದಲ ಫಲಾನುಭವಿಗಳು ಅವೇ. ನಾನು ಹಲಗೆಯ ಅಡಿಯಲ್ಲಿ ಬಗ್ಗಿ, ಅದನ್ನು ಹೊತ್ತು ನಿಂತ ಊರೆಗೋಲುಗಳನ್ನು ಎಣಿಸುತ್ತಿದ್ದಾಗ ಅವಳು ಕೋಲಿಗೆ ಗಲ್ಲ ಊರಿ ನನ್ನನ್ನೇ ನೋಡುತ್ತಿದ್ದಳು.

"ಇದು ಇಷ್ಟೇ ಎತ್ರಾನಾ ಕೂಸೇ, ಇನ್ನೂ ಏರುಸ್ತೀರಾ?"

"ಇಷ್ಟೇ ಅಜ್ಜಿ. ಯಾಕೆ?"

"ಹಳ್ಳ ಬಂದ್ರೆ ಮರ ಮಟ್ಟೆ ಎಲ್ಲ ಹೊತ್ಕಂಡ್ ಬತ್ತೈತೆ ಕಣಮ್ಮ. ನಿನ್ ಹಲ್ಗೆ ಅಡೀಲಿ ಅವು ನುಸಿಯಾಕೆ ಜಾಗ ಎಲ್ಲೈತೆ?"

ನಾನು ನಕ್ಕು, ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದಾರೆ ಎಂದೆ. ಅವಳು ವಾದಿಸಲಿಲ್ಲ. ನನ್ನನ್ನು ಎಡದಂಡೆಯ ಬಂಡೆಯ ಬಳಿಗೆ ಕರೆದುಕೊಂಡು ಹೋಗಿ, ಅದರ ಮೈಯಲ್ಲಿ ಉಳಿಯಿಂದ ಕೊರೆದ ಒಂದು ಅಡ್ಡಗೆರೆಯನ್ನು ತೋರಿಸಿದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಹಳ್ಳ ಬಂದು, ದಂಡೆಯ ಮೇಲಿನ ರೊಪ್ಪದಿಂದ ಕುರಿಗಳನ್ನೂ, ಅವುಗಳ ಜೊತೆಗಿದ್ದ ಅವಳ ಮೈದುನನನ್ನೂ ಒಯ್ದಿತ್ತು. ನೀರು ಇಳಿದ ಮೇಲೆ ಮಾವ ಒಬ್ಬ ಕಲ್ಲುಕುಟಿಗನನ್ನು ಕರೆತಂದು ಗೆರೆ ಹೊಡೆಸಿದ್ದರಂತೆ. "ಇದುರ್ ಕೆಳಿಕ್ ರೊಪ್ಪ ಹಾಕ್ಬ್ಯಾಡ್ರಿ ಅಂದ್ರು. ಅವತ್ನಿಂದ ಹಾಕಿಲ್ಲ," ಎಂದಳು ಕರಿಯಮ್ಮ. ಅಳುವಿನ ಕಾಲ ಎಂದೋ ಕಳೆದ ಸಮಾಧಾನ ಅವಳ ದನಿಯಲ್ಲಿತ್ತು.

ಅವಳ ಮಾತು ತಪ್ಪೆಂದು ಸಾಧಿಸುವುದಕ್ಕೇ, ಈಗಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಅಳತೆಯ ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದೆ. ಅಳತೆಪಟ್ಟಿ ಹಿಡಿದು ನಿಲ್ಲಲು ಯಾರೂ ಇರಲಿಲ್ಲ. "ತತ್ತಾ, ನಾನು ಹುಟ್ಟಿದಾಗ್ಲಿಂದ ಕೋಲು ಹಿಡ್ಕಂಡೇ ನಿಂತೀನಿ," ಎಂದು ಕರಿಯಮ್ಮನೇ ಅದನ್ನು ಗೆರೆಯ ಮೇಲೆ ಹಿಡಿದಳು. ನಮ್ಮ ಸೈಟಿನ ಎಷ್ಟೋ ಜನರಿಗಿಂತ ನೆಟ್ಟಗೆ ಹಿಡಿದಳು. ನನ್ನ ಲೆಕ್ಕದ ಪ್ರಕಾರ ಆ ಗೆರೆ, ನಕ್ಷೆಯಲ್ಲಿ ಕೊಟ್ಟಿದ್ದ ಅತಿ ದೊಡ್ಡ ನೆರೆಯ ಮಟ್ಟಕ್ಕಿಂತ ಇಪ್ಪತ್ತೇಳು ಸೆಂಟಿಮೀಟರು ಮೇಲಿತ್ತು. ನನ್ನ ಕೈಯಲ್ಲಿ ಅಳೆದರೆ ಒಂದು ಗೇಣು, ಅದರ ಮೇಲೆ ಎರಡು ಬೆರಳು. ಹಳ್ಳಿಯ ನೆನಪು ನೀರನ್ನು ಸ್ವಲ್ಪ ಉಬ್ಬಿಸುವುದು ಸಹಜವೇ ಎಂದುಕೊಂಡು, ಗೆದ್ದವಳ ಉದಾರತೆಯಿಂದ ಅವಳಿಗೆ ನನ್ನ ಡಬ್ಬಿಯಿಂದ ಎರಡು ಚಕ್ಕುಲಿ ಕೊಟ್ಟೆ.

ಆಮೇಲೆ ನಕ್ಷೆಯನ್ನು ಮಡಿಸುವಾಗ, ಅದರ ಮೂಲೆಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಬರೆದಿದ್ದ ಟಿಪ್ಪಣಿಯೊಂದು ಕಣ್ಣಿಗೆ ಬಿತ್ತು. ನಾಲ್ಕು ತಿಂಗಳಿಂದ ದಿನವೂ ಬಿಚ್ಚಿ ಮಡಿಸಿದ ನಕ್ಷೆ. ಆ ಸಾಲನ್ನು ನಾನು ಒಮ್ಮೆಯೂ ಓದಿರಲಿಲ್ಲ. ನೆರೆಯ ಮಟ್ಟವನ್ನು ಸ್ಥಳೀಯರ ಹೇಳಿಕೆಯಂತೆ ಎಡದಂಡೆಯ ಬಂಡೆಯ ಮೇಲಿನ ಗೆರೆಯಿಂದ ತೆಗೆದುಕೊಳ್ಳಲಾಗಿದೆ, ಎಂದಿತ್ತು.

ಅಂದರೆ ನಕ್ಷೆ ಬರೆದವರೂ ಇದೇ ಬಂಡೆಯ ಇದೇ ಗೆರೆಯನ್ನೇ ಅಳೆದಿದ್ದರು. ಕರಿಯಮ್ಮನಿಗೂ ನಕ್ಷೆಗೂ ಎಳ್ಳಷ್ಟೂ ಭಿನ್ನಾಭಿಪ್ರಾಯವಿರಲಿಲ್ಲ. ಬಂಡೆ ಕದಲಿರಲಿಲ್ಲ. ಹಾಗಿದ್ದರೆ ಒಂದು ಗೇಣು ಎರಡು ಬೆರಳು ಎಲ್ಲಿಂದ ಬಂತು? ಆ ಹಳ್ಳದಲ್ಲಿ ಆ ಹೊತ್ತಿನಲ್ಲಿ ಉಳಿದದ್ದು ಮೂವತ್ತು ಕುರಿಗಳು ಮತ್ತು ನಾನು. ಕುರಿಗಳು ಏನನ್ನೂ ಅಳೆದಿರಲಿಲ್ಲ.

ಎತ್ತರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಕೊಡದಿಂದ ಕೊಡಕ್ಕೆ ನೀರು ಸುರಿದುಕೊಂಡು ಹೋದಂತೆ. ಊರ ಹತ್ತಿರದ ಗುಂಡುಕಲ್ಲೊಂದರ ಮೇಲೆ ಸರ್ವೆಯವರು ಎಂದೋ ಕೆತ್ತಿಟ್ಟ ಗುರುತಿದೆ. ಅದರ ಎತ್ತರ ಖಚಿತ. ಅಲ್ಲಿಂದ ದುರ್ಬೀನು ಇಟ್ಟು, ಓದಿ, ಮುಂದೆ ಹೋಗಿ, ಮತ್ತೆ ಇಟ್ಟು, ಮತ್ತೆ ಓದಿ, ಹಳ್ಳದ ದಂಡೆಗೆ ತರಬೇಕು. ದಾರಿಯಲ್ಲಿ ಎಲ್ಲಿ ಚೆಲ್ಲಿದರೂ ಮುಂದಿನ ಎಲ್ಲ ಕೊಡಗಳಲ್ಲೂ ಅಷ್ಟೇ ಕಡಿಮೆ. ಆ ಮಧ್ಯಾಹ್ನ ಕರಿಯಮ್ಮನನ್ನು ಅಳತೆಪಟ್ಟಿಯ ಸಮೇತ ಊರಗುಂಡಿನವರೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಮೊದಲಿನಿಂದ ಅಳೆದೆ. ಕುರಿಗಳೂ ಜೊತೆಗೆ ಬಂದವು. ನಲವತ್ತೊಂದನೆಯ ಪುಟದಲ್ಲಿ, ಕಲೆಯ ಪಕ್ಕದಲ್ಲಿ, ಒಂದು ಪಾಯಿಂಟ್ ಮೂರು ಆರು ಐದು ಇರಬೇಕಾದ ಕಡೆ ನನ್ನ ದುಂಡಗಿನ ಅಕ್ಷರದಲ್ಲಿ ಒಂದು ಪಾಯಿಂಟ್ ಆರು ಮೂರು ಐದು ಎಂದಿತ್ತು. ಮೂರು ಆರಾಗಿತ್ತು, ಆರು ಮೂರಾಗಿತ್ತು. ಉಣ್ಣುತ್ತ ಬರೆದದ್ದರಿಂದ ಆದದ್ದೋ, ಉಣ್ಣದೆ ಬರೆದಿದ್ದರೂ ಆಗುತ್ತಿತ್ತೋ, ಹೇಳಲಾರೆ. ದಂಡೆ ನಿಜಕ್ಕಿಂತ ಎತ್ತರದಲ್ಲಿದೆಯೆಂದು ನಂಬಿ ಕಟ್ಟಿದ್ದರಿಂದ ಇಡೀ ಸೇತುವೆ ಇರಬೇಕಾದ ಎತ್ತರಕ್ಕಿಂತ ಒಂದು ಗೇಣು ಎರಡು ಬೆರಳು ಕೆಳಗಿತ್ತು. ಅದರೊಳಗೆ ಎಲ್ಲವೂ ಎಲ್ಲದಕ್ಕೂ ಸರಿಹೊಂದುತ್ತಿತ್ತು. ಅಷ್ಟು ಅಚ್ಚುಕಟ್ಟಾದ ತಪ್ಪನ್ನು ನಾನು ಮತ್ತೆ ಮಾಡಲಾರೆ.

"ಯಾಕೆ ತಾಯಿ, ಮೊಕ ಇಂಗಾಯ್ತು?" ಎಂದಳು ಕರಿಯಮ್ಮ.

"ನೀನು ಹೇಳಿದ್ದೇ ಸರಿ ಅಜ್ಜಿ. ಕೆಳಗಾಗಿದೆ."

"ಅಂಗಾರೆ ಏರ್ಸು," ಎಂದು ಅವಳು ಅಳತೆಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಕುರಿ ಹೊಡೆದುಕೊಂಡು ಹೋದಳು. ಅವಳ ಮಟ್ಟಿಗೆ ವಿಷಯ ಅಷ್ಟೇ ಇತ್ತು.

ನಾನು ಬಸ್ಸಿನಲ್ಲಿ ಮಧುಗಿರಿಯವರೆಗೂ ಅತ್ತೆ. ಮಧುಗಿರಿಯಲ್ಲಿ ಬಸ್ಸು ಬದಲಿಸಿ ಕೊರಟಗೆರೆಯವರೆಗೂ ಅತ್ತೆ. ಕಂಡಕ್ಟರ್ ಟಿಕೆಟ್ ಕೊಟ್ಟು, ಪಕ್ಕದವರಿಗೆ ಜರುಗಿ ಕೂರಲು ಹೇಳಿದ.

ಸೋಮವಾರ ಬೆಳಗ್ಗೆ ಗುತ್ತಿಗೆದಾರರ ಮ್ಯಾನೇಜರು ಬಂದರು. ಕೆಟ್ಟ ಮನುಷ್ಯರೇನಲ್ಲ, ನಾನು ಬಿಸಿಲಲ್ಲಿ ನಿಲ್ಲುವುದನ್ನು ನೋಡಲಾರದೆ ಸೈಟಿಗೆ ಒಂದು ದೊಡ್ಡ ಛತ್ರಿಯನ್ನು ತಂದುಕೊಟ್ಟವರು ಅವರೇ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಹಳ್ಳದ ಮರಳನ್ನು ಬಹಳ ಹೊತ್ತು ನೋಡಿದರು.

"ನೀವು ಈ ಹಳ್ಳದಲ್ಲಿ ನೀರು ನೋಡಿದೀರಾ?"

"ಇಲ್ಲ ಸಾರ್."

"ನಾನೂ ನೋಡಿಲ್ಲ. ಯಾರೂ ನೋಡದೆ ಇರೋ ನೀರಿಗೆ ಒಂದು ಗೇಣು ಹೆಚ್ಚಾದ್ರೇನು, ಕಮ್ಮಿ ಆದ್ರೇನು?"

"ಅಜ್ಜಿ ನೋಡಿದಾರೆ ಸಾರ್. ನನ್ನ ತಪ್ಪು ಪುಸ್ತಕದಲ್ಲೇ ಇದೆ."

"ಪುಸ್ತಕ ಪೆನ್ಸಿಲಲ್ಲಿ ತಾನೆ ಬರೆದಿರೋದು?"

ಹೌದು, ಪೆನ್ಸಿಲಿನಲ್ಲೇ. ಅವರ ಜೇಬಿನಲ್ಲಿ ರಬ್ಬರ್ ಇರಲಿಲ್ಲ, ನನ್ನ ಬ್ಯಾಗಿನಲ್ಲಿತ್ತು. ಆ ವಿಷಯವನ್ನು ನಾನು ಹೇಳಲಿಲ್ಲ. ಇಲಾಖೆಯ ಇಂಜಿನಿಯರಿಗೆ ಫೋನ್ ಮಾಡಿ ಹೇಳಿಯಾಗಿದೆ, ಅವರು ನಾಳೆ ಬರುತ್ತಾರೆ, ಎಂದೆ. ಮ್ಯಾನೇಜರು ಕಣ್ಣು ಮುಚ್ಚಿ ತೆಗೆದರು. ಆಮೇಲೆ ನಿಜವಾದ ಕಾಳಜಿಯಿಂದಲೇ, ದನಿ ತಗ್ಗಿಸಿ ಹೇಳಿದರು.

"ಸರಿ, ಒಡೆದು ಏರಿಸೋಣ. ಆದ್ರೆ ನಿಮ್ಮ ಲೆವೆಲ್ ತಪ್ಪು ಅಂತ ಬರೀಬೇಡಿ. ಮೇಸ್ತ್ರಿ ಹಲಗೆ ಕೂರಿಸೋವಾಗ ತಪ್ಪು ಮಾಡಿದ ಅಂತ ಬರೀರಿ. ನಿಮಗೆ ಇದು ಮೊದಲನೇ ಕೆಲಸ. ಅವನಿಗೇನು, ಇನ್ನೊಂದು ಕಡೆ ಹೋಗ್ತಾನೆ."

ಆ ಸಲಹೆಯನ್ನು ನಾನು ಕೂಡಲೇ ತಳ್ಳಿಹಾಕಿದೆನೆಂದು ನಿಮಗೆ ಹೇಳಿದರೆ, ನೀವು ನಂಬಿದರೂ ಅದು ಸುಳ್ಳಾಗುತ್ತದೆ. ಟೀ ಕುಡಿದು ಬರುತ್ತೇನೆ ಸಾರ್, ಎಂದೆ. ಮನುಷ್ಯರು ಧರ್ಮಸಂಕಟದಲ್ಲಿ ಸಿಕ್ಕಾಗ ಏನೇನೋ ಮಾಡುತ್ತಾರೆಂದು ಓದಿದ್ದೆ. ನಾನು ಟೀ ಕುಡಿಯಲು ಹೋದೆ. ತಗಡಿನ ಶೆಡ್ಡಿನ ಮುಂದೆ ಅಂಜಿನಪ್ಪ ಒಲೆಯ ಮೇಲೆ ಟೀ ಕುದಿಸುತ್ತಿದ್ದ. ಅವನಿಗಿನ್ನೂ ಏನೂ ತಿಳಿದಿರಲಿಲ್ಲ. ಸ್ಟೀಲಿನ ಲೋಟ ನನ್ನ ಕೈಗಿಟ್ಟು, ತಾನು ಆಗಷ್ಟೇ ಕಂಬದ ಮೇಲಿನ ದಿಂಡನ್ನು ನೋಡಿ ಬಂದದ್ದನ್ನು ಹೇಳಿದ.

"ಈ ಕೊನೆಯಿಂದ ಆ ಕೊನೆವರೆಗೂ ರಸಮಟ್ಟ ಇಟ್ಟು ನೋಡ್ದೆ ಮೇಡಂ. ಗುಳ್ಳೆ ಅಲ್ಲಾಡಲ್ಲ. ಕದಲದು. ನೀವು ಏನ್ ಕೊಟ್ರೋ ಅದೇ."

ನಾನು ಏನು ಕೊಟ್ಟೆನೋ ಅದೇ. ಅದೇ ಆಗಿತ್ತು ತೊಂದರೆ. ಅವನು ಒಂಚೂರು ಉದಾಸೀನದವನಾಗಿದ್ದರೆ, ಅಲ್ಲಿ ಒಂದು ಬೆರಳು ಇಲ್ಲಿ ಒಂದು ಬೆರಳು ಆಚೀಚೆ ಮಾಡುವವನಾಗಿದ್ದರೆ, ನನ್ನ ಮನಸ್ಸಿಗೆ ಒರಗಲು ಒಂದು ಮೂಲೆಯಾದರೂ ಸಿಗುತ್ತಿತ್ತೇನೋ. ಟೀ ಬಿಸಿಯಿತ್ತು. ಕುಡಿಯದೆ ಲೋಟವನ್ನು ಕೆಳಗಿಟ್ಟು, ಎಲ್ಲವನ್ನೂ ಅವನಿಗೆ ಹೇಳಿಬಿಟ್ಟೆ.

ಕೇಳಿ ಮುಗಿಸಿ ಅವನು ಬಲಗೈ ಗೇಣನ್ನು ಅಗಲಿಸಿ ಹಿಡಿದು, "ಇಷ್ಟಾ?" ಎಂದ. ನಾನು ಅದರ ತುದಿಗೆ ನನ್ನ ಎರಡು ಬೆರಳು ಸೇರಿಸಿದೆ. ಅವನು ಆ ಅಳತೆಯನ್ನೇ ನೋಡುತ್ತ ಕೂತ. ಹಿಂದೆ ಸ್ಲ್ಯಾಬಿನ ಹಲಗೆಯ ಮೇಲೆ ಅವನ ಜನ ಹೊದ್ದ ಟವೆಲುಗಳು ಕಾಣುತ್ತಿದ್ದವು. ಒಂಬತ್ತು ದಿನದ ಗಂಟುಗಳನ್ನು ಅವರಿನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

"ಯಾರ್ ತಪ್ಪು ಅಂತ ಬರೀತಾರೆ ಮೇಡಂ?"

ಅವನು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆಯುತ್ತ, ಹವಾಮಾನದ ಸಂಗತಿ ಹೇಳುವಂತೆ ಹೇಳಿದ. "ಮುಂಚೆ ನಿಡುಗಲ್ ಕಡೆ ಒಂದು ಕೆಲ್ಸ. ಒಬ್ಬ ಸಾರು ದಾರ ಕಟ್ಟಿ ಕೊಟ್ಟ. ದಾರದ ಮೇಲೇ ಗೋಡೆ ಎಬ್ಬಿಸ್ದೆ. ದಾರಾನೇ ಸೊಟ್ಟ. ಮೇಸ್ತ್ರಿ ತಪ್ಪು ಅಂತ ಬರ್ದು ಬುಟ್ರು. ಆಮೇಲೆ ಎರಡು ವರ್ಷ ನನ್ನ ಯಾರೂ ಕರೀಲಿಲ್ಲ. ಮಾ ಇಂಟಿದಿ ಅಡಿಗಿಂದಿ, ನಿಜಂಗಾ ನೀದೇ ತಪ್ಪಾ ಅನಿ. ಮನೆಯವ್ಳೇ ಕೇಳಿದ್ಲು ಮೇಡಂ, ನಿಂದೇ ತಪ್ಪಾ ಅಂತ."

"ನನ್ನ ತಪ್ಪು ಅಂತಾನೇ ಬರೀತೀನಿ ಅಂಜಿನಪ್ಪ," ಎಂದೆ. ನಿರ್ಧಾರ ಮಾಡಿ ಆಡಿದ ಮಾತಲ್ಲ; ಆಡಿದ ಮೇಲೆ ಅದೇ ನಿರ್ಧಾರವಾಯಿತು.

ಅವನು ಎದ್ದು ನಿಂತ. "ಸರೇ. ಅಂಗಾದ್ರೆ ಬಿಚ್ತೀವಿ," ಎಂದು, ಕಂಬಿಯ ಮೇಲಿದ್ದ ತನ್ನ ಜನರ ಕಡೆಗೆ ಹೋದ. ಅಲ್ಲಿ ಅವನು ತೆಲುಗಿನಲ್ಲಿ ಏನು ಹೇಳಿದನೋ ನನಗೆ ಪೂರ್ತಿ ತಿಳಿಯಲಿಲ್ಲ. ಹತ್ತು ತಲೆಗಳು ಒಟ್ಟಿಗೆ ನನ್ನ ಕಡೆಗೆ ತಿರುಗಿದ್ದು ಮಾತ್ರ ತಿಳಿಯಿತು. ಆಮೇಲೆ ಅಂಜಿನಪ್ಪ ಇಕ್ಕಳ ತೆಗೆದುಕೊಂಡು, ಕುಕ್ಕರುಗಾಲಿನಲ್ಲಿ ಕೂತು, ಮೊದಲನೆಯ ತಂತಿಯನ್ನು ತಾನೇ ಕತ್ತರಿಸಿದ. ಸೈಟಿನ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಮಟ್ಟವನ್ನು ತಪ್ಪಾಗಿ ನಮೂದಿಸಿದ ಕಾರಣ, ಎಂದು ಶುರುಮಾಡಿ ಅರ್ಧ ಪುಟ ಬರೆದೆ. ಪೆನ್ನಿನಲ್ಲಿ ಬರೆದೆ. ಮ್ಯಾನೇಜರು ಓದಿ, ರಿಜಿಸ್ಟರನ್ನು ಮುಚ್ಚಿ, "ಛತ್ರಿಯಾದ್ರೂ ಹಿಡ್ಕೊಳ್ಳಿ, ಬಿಸಿಲು," ಎಂದು ಕಾರು ಹತ್ತಿದರು.

ಮಂಗಳವಾರ ಇಲಾಖೆಯ ಇಂಜಿನಿಯರು ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ, ಯಾವ ಮಾತಿಗೂ ಮುಖದಲ್ಲಿ ರಸೀದಿ ಕೊಡದ ಮನುಷ್ಯ. ನನ್ನ ಪುಸ್ತಕ, ನಕ್ಷೆ, ಬಂಡೆಯ ಗೆರೆ, ಮೂರನ್ನೂ ನೋಡಿದರು.

"ಯಾವಾಗ ಗೊತ್ತಾಯ್ತು?"

"ಭಾನುವಾರ ಮಧ್ಯಾಹ್ನ ಸಾರ್."

"ನನಗೆ ಹೇಳಿದ್ದು ಸೋಮವಾರ."

"ಹೌದು ಸಾರ್."

"ಭಾನುವಾರ ಏನ್ ಮಾಡ್ತಿದ್ರಿ?"

"ಅಳ್ತಿದ್ದೆ ಸಾರ್."

ಅವರು ತಲೆಯಾಡಿಸಿದರು, ಒಂದು ದಿನದ ವಿಳಂಬಕ್ಕೆ ಅದು ಸಮರ್ಪಕವಾದ ಕಾರಣವೆಂದು ತೋರಿತು. ದಿಂಡುಗಳನ್ನು ಒಡೆದು, ಒಳಗಿನ ಕಂಬಿಗಳನ್ನು ಬೆಳೆಸಿ, ಸರಿಯಾದ ಮಟ್ಟಕ್ಕೆ ಮತ್ತೆ ಕಟ್ಟಬೇಕೆಂದು ಬರೆದು, ಹೇಗೆ ಎನ್ನುವುದನ್ನು ಸ್ಕೆಚ್ ಹಾಕಿ ತೋರಿಸಿದರು. ಹೊರಡುವಾಗ ಜೀಪಿನ ಬಾಗಿಲು ಹಿಡಿದು ನಿಂತು, "ನನ್ನ ಸರ್ವೀಸಿನಲ್ಲಿ ಇಂಥದು ಎರಡು ಆಗಿದೆ," ಎಂದರು. ತಪ್ಪು ಮಾಡಿದ್ದೋ ಹೇಳಿದ್ದೋ, ಯಾವುದು ಎರಡು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಟ್ಟುವುದಕ್ಕಿಂತ ಒಡೆಯುವುದು ಸುಲಭವೆಂದು ಹೇಳುವವರು ಅಂಜಿನಪ್ಪ ಕಟ್ಟಿದ್ದನ್ನು ಒಡೆದು ನೋಡಿಲ್ಲ. ಯಂತ್ರದ ಸುತ್ತಿಗೆ ದಿನಗಟ್ಟಲೆ ಕೂಗಿದರೂ ದಿಂಡುಗಳು ಚಕ್ಕೆಚಕ್ಕೆಯಾಗಿ, ಬೇಸರದಿಂದ, ಬಿಟ್ಟುಕೊಟ್ಟವು. ಸಿಮೆಂಟು ಕಡಿಮೆ ಹಾಕುತ್ತಾರೆಂದು ಊರಿನಲ್ಲಿ ಗುಸುಗುಸು ಆಡುತ್ತಿದ್ದವರು ದಂಡೆಯಲ್ಲಿ ನಿಂತು ಇದನ್ನು ನೋಡಿ ಆ ಮಾತು ಬಿಟ್ಟರು. ಹಬ್ಬ ಬಂತು. ತಂಡದಲ್ಲಿ ಆರು ಜನ ಊರಿಗೆ ಹೋದರು, ಐವರು ಉಳಿದರು. ಅಂಜಿನಪ್ಪ ಸೀಮಂತಕ್ಕೆ ಹೋಗಲಿಲ್ಲ. ಕೇಳಿದ್ದಕ್ಕೆ, "ಅದು ಹೆಂಗಸರ ಕಾರ್ಯ ಮೇಡಂ, ನಾನು ಹೋದ್ರೆ ಮೂಲೇಲಿ ಕೂರಿಸ್ತಾರೆ," ಎಂದ. ಆ ಸಂಜೆ ಅವನು ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಹಸಿರು ಸೀರೆ ಉಟ್ಟು ಕೂತ ಮಗಳ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದುದನ್ನು ನಾನು ನೋಡಿದೆ. ಯುಗಾದಿಯ ದಿನ ಅಮ್ಮ ಮಾಡಿಕೊಟ್ಟ ಒಬ್ಬಟ್ಟನ್ನು ಹೊತ್ತುಕೊಂಡು ಸೈಟಿಗೆ ಹೋದೆ. ಅವನು ಒಂದನ್ನು ತಿಂದು, ಇನ್ನೊಂದನ್ನು ಕೇಳಿ ತೆಗೆದುಕೊಂಡ. ನನ್ನನ್ನು ಕ್ಷಮಿಸಿದನೋ ಇಲ್ಲವೋ ಎಂಬುದಕ್ಕೆ ನನ್ನ ಬಳಿ ಇರುವ ದಾಖಲೆ ಆ ಎರಡನೆಯ ಒಬ್ಬಟ್ಟು ಮಾತ್ರ.

ಹಬ್ಬದ ಮರುವಾರ ನನ್ನನ್ನು ಆ ಸೈಟಿನಿಂದ ತೆಗೆದು ಶಿರಾಕ್ಕೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ, ಸೇತುವೆಯಿಂದ ಒಳಚರಂಡಿಗೆ ಕಳಿಸಿದರು. ಹನ್ನೊಂದು ತಿಂಗಳು ನಾನು ಶಿರಾದ ಗಲ್ಲಿಗಳಲ್ಲಿ ಗುಂಡಿಗಳ ಆಳವನ್ನು ಅಳೆದೆ. ಎತ್ತರದಲ್ಲಿ ಎಡವಿದವಳನ್ನು ಆಳಕ್ಕೆ ಇಳಿಸಿದ್ದರಲ್ಲಿ ಒಂದು ನ್ಯಾಯವಿತ್ತೆಂದು ಈಗ ಅನ್ನಿಸುತ್ತದೆ. ಅಲ್ಲೊಬ್ಬರು ಬಳೆ ಅಂಗಡಿಯ ಮುದುಕರು, ನಾನು ಒಂದೇ ಅಳತೆಯನ್ನು ಮೂರು ಮೂರು ಸಲ ಓದಿ, ಜೋರಾಗಿ ಹೇಳಿ, ಬರೆದು, ಬರೆದದ್ದನ್ನು ಮತ್ತೆ ಓದುವುದನ್ನು ದಿನವೂ ನೋಡಿ, ಕೊನೆಗೆ ತಡೆಯಲಾರದೆ ಅಂಗಡಿಯ ಕುರ್ಚಿಯನ್ನು ಹೊರಗೆ ಹಾಕಿಸಿದರು. "ಬೈಠೋ ಬೇಟಾ, ಆರಾಮಾಗಿ ಬರಿ. ಗುಂಡಿ ಎಲ್ಲೂ ಓಡ್ಹೋಗಲ್ಲ," ಎಂದರು. ಆಮೇಲೆ ಆ ಕುರ್ಚಿ ಅಲ್ಲೇ ಇತ್ತು.

ಶಿರಾಕ್ಕೆ ಹೋದ ಹತ್ತಿಪ್ಪತ್ತು ದಿನಕ್ಕೆ, ಒಂದು ಬೆಳಗ್ಗೆ, ಗುಂಡಿಯೊಂದರ ಅಂಚಿನಲ್ಲಿ ನಿಂತಿದ್ದಾಗ ಅಂಜಿನಪ್ಪನ ಫೋನು ಬಂತು. "ಮೇಡಂ, ಸ್ಲ್ಯಾಬು ಹಾಕ್ತಾ ಇದೀವಿ. ಕೇಳ್ರಿ," ಎಂದವನೇ ಫೋನನ್ನು ಎಲ್ಲಿಗೋ ಚಾಚಿ ಹಿಡಿದ. ಕಾಂಕ್ರೀಟು ಕಲಸುವ ಯಂತ್ರ ಗರಗರನೆ ತಿರುಗುವುದು, ಜಲ್ಲಿ ಜಾರುವುದು, ಯಾರೋ ಯಾರನ್ನೋ ಬೈಯುವುದು, ಎಲ್ಲ ಕೇಳಿಸಿತು. ಬಹಳ ಹೊತ್ತಿನ ಮೇಲೆ, "ಆಯ್ತು, ಇಡ್ತೀನಿ," ಎಂದು ಇಟ್ಟುಬಿಟ್ಟ. ಮಗಳಿಗೆ ಗಂಡು ಮಗುವಾದ ಸುದ್ದಿಯನ್ನು ಹೇಳಲು ಮಾಡಿದ ಫೋನು ಇದಕ್ಕಿಂತ ಚಿಕ್ಕದಾಗಿತ್ತು.

ಮೂರನೆಯ ವರ್ಷ, ನಮ್ಮ ಸೀಮೆಗೆ ಅಪರೂಪವಾದ ಒಂದು ಮಳೆಗಾಲದಲ್ಲಿ, ಹಳ್ಳ ಬಂದಿದೆಯೆಂದು ಸುದ್ದಿಯಾಯಿತು. ಕೊರಟಗೆರೆಯಿಂದ ಸ್ಕೂಟರಿನಲ್ಲಿ ಹೋದೆ. ಸೇತುವೆಯ ಮೇಲೆ ಜಾಗವಿಲ್ಲದಷ್ಟು ಜನ. ಆಚೀಚೆಯ ಊರಿನವರೆಲ್ಲ ತಮ್ಮ ಹಳ್ಳವನ್ನು ನೋಡಲು, ದೂರದಿಂದ ಬಂದ ನೆಂಟರನ್ನು ನೋಡುವಂತೆ, ಬಂದು ನಿಂತಿದ್ದರು. ಕೆಳಗೆ ಕೆಂಪು ನೀರು ಕಂಬಗಳನ್ನು ತಳ್ಳಿಕೊಂಡು ಹೋಗುತ್ತಿತ್ತು. ಬೇರು ಸಮೇತ ಕಿತ್ತು ಬಂದ ಒಂದು ಹೊಂಗೆಮರ ಕಂಬಕ್ಕೆ ತಾಗಿ, ತಿರುಗಿ, ಸ್ಲ್ಯಾಬಿನ ಅಡಿಯಲ್ಲಿ ಕೊಂಬೆ ಸವರಿಕೊಂಡು ಆಚೆಗೆ ಹಾಯಿತು. ಎಷ್ಟು ಜಾಗ ಉಳಿದಿತ್ತೆಂದು ನಾನು ಕಣ್ಣಳತೆಯಲ್ಲಿ ಲೆಕ್ಕ ಹಾಕತೊಡಗಿ, ನಡುವೆ ಬಿಟ್ಟುಬಿಟ್ಟೆ. ಕರಿಯಮ್ಮ ತನ್ನ ಕುರಿಗಳನ್ನು ದೂರದ ದಿನ್ನೆಯ ಮೇಲೆ ನಿಲ್ಲಿಸಿಕೊಂಡಿದ್ದಳು. ಸೇತುವೆಯ ಹತ್ತಿರಕ್ಕೂ ಬಂದಿರಲಿಲ್ಲ.

ನನ್ನ ಪಕ್ಕದಲ್ಲಿ, ಕಟಕಟೆಗೆ ಒರಗಿಕೊಂಡು, ಲಗೇಜ್ ಆಟೋದ ಡ್ರೈವರನೊಬ್ಬ ಕಡಲೆಕಾಯಿ ತಿನ್ನುತ್ತಿದ್ದ. ನನಗೂ ಒಂದು ಹಿಡಿ ಕೊಟ್ಟು, ನಾನು ಹೊಸಬಳೆಂದು ತಿಳಿದು, ತನ್ನೂರಿನ ಚರಿತ್ರೆಯನ್ನು ವಿವರಿಸಿದ.

"ಈ ಸೇತ್ವೆ ಕಟ್ಟಿದ್ದು ಯಾರೋ ಒಬ್ಳು ಹೆಂಗ್ಸು ಇಂಜಿನಿಯರಂತೆ ಕಣಕ್ಕ. ಕಟ್ಟಿ ನಿಲ್ಲಿಸ್ದೋಳೇ ತಿರ್ಗಾ ತಾನೇ ಒಡುಸ್ಬುಟ್ಳಂತೆ. ಪಾಪ, ಆಯಮ್ಮಂಗೆ ಕೆಲ್ಸ ಬತ್ತಿರ್ಲಿಲ್ಲ ಅಂತಾರೆ." ಅವನು ಸಿಪ್ಪೆಯನ್ನು ಹಳ್ಳಕ್ಕೆ ಎಸೆದು, ಅದು ನಮ್ಮ ಕಾಲಡಿಯಿಂದ ತೇಲಿಹೋಗುವುದನ್ನು ನೋಡಿದ. "ಆದ್ರೆ ಸೇತ್ವೆ ಚೆನ್ನಾಗೈತೆ."

ಎರಡೂ ನಿಜವೆಂದು ನಾನು ಅವನಿಗೆ ಹೇಳಿದೆ.